ಐದು ವರ್ಷ ಚಿಕ್ಕವನು

ಬಕಾರಿ ಜಾಟ ನಮ್ಮ ಫುಟ್‌ಬಾಲ್ ಕ್ಲಬ್ಬಿಗೆ ಬರುತ್ತಿದ್ದಾನೆಂದು ತಿಳಿದ ದಿನ ನನಗೆ ಊಟ ಸೇರಲಿಲ್ಲ. ಸೆನೆಗಾಲಿನ ಜಿಗಿನ್‌ಶೋರಿನಲ್ಲಿ ಅವನ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಅವನು ಮೂರನೇ ಕ್ಲಾಸಿನಲ್ಲಿದ್ದಾಗ ನಾನು ಏಳನೆಯದು; ಬೆಳಿಗ್ಗೆ ಅವನ ಕೈಹಿಡಿದು ಶಾಲೆಗೆ ಕರೆದೊಯ್ಯುವುದು ನನ್ನ ಕೆಲಸವಾಗಿತ್ತು. ಕ್ಲಬ್ಬಿಗೆ ಬರುವಾಗ ಅವನ ಪಾಸ್‌ಪೋರ್ಟಿನ ಪ್ರಕಾರ ಅವನಿಗೆ ಮೂವತ್ತು. ನನ್ನದರ ಪ್ರಕಾರ ನನಗೆ ಇಪ್ಪತ್ತೊಂಬತ್ತು.

ನನ್ನ ನಿಜವಾದ ವಯಸ್ಸು ಮೂವತ್ನಾಲ್ಕು. ಇಪ್ಪತ್ತೊಂದರಲ್ಲಿ ಡಾಕಾರಿಗೆ ಹೋದಾಗ ಅಲ್ಲಿನ ಏಜೆಂಟ್ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅನ್ಸು, ಇಪ್ಪತ್ತೊಂದರವನನ್ನ ಯಾರು ಕೇಳ್ತಾರೆ? ನಿಂಗೆ ಹದಿನಾರು" ಎಂದಿದ್ದ. ಒಂದು ವಾರದಲ್ಲಿ ಹೊಸ ಕಾಗದ ಬಂತು. ಅದನ್ನು ಹಿಡಿದು ಮೊರಾಕೊ, ಲಿಬಿಯಾ, ಸುಡಾನ್, ಇರಾಕ್, ಒಮಾನ್ ಸುತ್ತಿ ಹದಿಮೂರು ವರ್ಷಗಳಲ್ಲಿ ಎಂಟು ಕ್ಲಬ್ಬುಗಳ ಹಿಂದಿನ ಸಾಲನ್ನು ಕಾದೆ. ಎಂಟನೆಯದು ಈಜಿಪ್ಟಿನ ದುಮ್ಯಾತಿನದು; ಅಲ್ಲಿ ಅದು ನನ್ನ ಮೂರನೇ ವರ್ಷ. ಬೇರೆ ಎಲ್ಲಿಯೂ ಎರಡು ವರ್ಷಕ್ಕಿಂತ ಹೆಚ್ಚು ನಿಂತವನಲ್ಲ. ಅಲ್ಲಿ ಮಾತ್ರ, ಬಡಗಿಗಳ ಆ ಊರಿನಲ್ಲಿ, ಜನ ನನ್ನನ್ನು ಹೆಸರು ಹಿಡಿದು ಕರೆಯತೊಡಗಿದ್ದರು.

ಬಕಾರಿ ಬಂದ ಸಂಜೆಯೇ ಕೋಣೆಯ ಬಾಗಿಲು ಹಾಕಿ ಎಲ್ಲ ಹೇಳಿದೆ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ.

"ಹಂಗಾದ್ರೆ ನಾನೇ ದೊಡ್ಡೋನು! ಹೋಗಿ ನೀರು ತಗೊಂಬಾ ತಮ್ಮಾ."

"ತಮಾಷೆ ಅಲ್ಲ ಬಕಾರಿ. ಇಲ್ಲಿ ನನ್ನ ಅಣ್ಣ ಅನ್ನಬೇಡ."

"ಮತ್ತೇನನ್ನಲಿ? ಹೆಸರಿಡಿದು ಕರೀಲಾ? ನಮ್ಮಮ್ಮನ ಕಿವಿಗೆ ಬಿದ್ರೆ ಕಪಾಳಕ್ಕೆ ಬಿಡ್ತಾಳೆ."

ಪಾಪ, ಪ್ರಯತ್ನ ಮಾಡಿದ. ಎರಡು ದಿನ ನನ್ನನ್ನು ಏನೆಂದೂ ಕರೆಯಲಿಲ್ಲ. ಮೂರನೇ ದಿನ ಅಭ್ಯಾಸದ ನಡುವೆ ಎದುರಾಳಿ ನನ್ನ ಬೆನ್ನ ಹಿಂದೆ ನುಗ್ಗಿದಾಗ ಮೈದಾನವೆಲ್ಲ ಕೇಳುವಂತೆ ಕೂಗಿದ. ಅದೂ ನಮ್ಮ ಜೋಲಾ ಭಾಷೆಯಲ್ಲಲ್ಲ, ಹೊಸದಾಗಿ ಕಲಿತ ಅರಬ್ಬಿಯಲ್ಲಿ: "ಅಣ್ಣಾ, ಹಿಂದೆ!"

ಗೋಲ್‌ಕೀಪರ್ ಶಹಾತನಿಗೆ ಅಷ್ಟೇ ಸಾಕಾಯಿತು. ಎಲ್ಲರನ್ನೂ ನಗಿಸುವುದೇ ಅವನ ಚಟ.

"ಏನಪ್ಪಾ ಇದು? ಮೂವತ್ತರವನು ಇಪ್ಪತ್ತೊಂಬತ್ತರವನನ್ನ ಅಣ್ಣ ಅಂತಾನೆ! ನಿಮ್ಮೂರಲ್ಲಿ ವರ್ಷ ಹಿಂದಕ್ಕೆ ಓಡ್ತವಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ನಾವೆಲ್ಲ 'ಕ್ಯಾಪ್ಟನ್' ಎಂದು ಕರೆಯುತ್ತಿದ್ದ ಕೋಚ್ ರಿಫಾತ್ ನಗಲಿಲ್ಲ. ಸೀಟಿಯನ್ನು ಬಾಯಿಂದ ತೆಗೆದು ನನ್ನ ಮೊಣಕಾಲುಗಳನ್ನು ನೋಡಿದರು.

ಆಮೇಲೆ ನನಗೆ ನೆಮ್ಮದಿಯೇ ಇಲ್ಲದಾಯಿತು. ಕಚೇರಿಯ ಗುಮಾಸ್ತ ಯಾವುದೋ ಕಾಗದಕ್ಕೆ ಸಹಿ ಕೇಳಿದರೂ ಹುಟ್ಟಿದ ತಾರೀಕು ಎಲ್ಲಾದರೂ ಇದೆಯೇ ಎಂದು ಎರಡೆರಡು ಸಲ ಓದುತ್ತಿದ್ದೆ. ಓಟದಲ್ಲಿ ಎರಡನೆಯವನಾದರೆ ಭಯ, ಮೊದಲನೆಯವನಾದರೆ ಮರುದಿನ ಮಂಡಿ ಬಾತು ಅದಕ್ಕಿಂತ ಭಯ. ತಾಯಿಗೆ ಫೋನ್ ಮಾಡಿದಾಗ ಅವಳು "ಬಕಾರೀನ ಚೆನ್ನಾಗಿ ನೋಡ್ಕೋ, ಚಿಕ್ಕೋನು" ಎಂದಳು.

ಜನವರಿಯಲ್ಲಿ ಕ್ಲಬ್ ಬ್ರೆಜಿಲಿನಿಂದ ಒಬ್ಬ ಮುನ್ನುಗ್ಗುವ ಆಟಗಾರನನ್ನು ಕರೆಸಿತು. ಹೊರದೇಶದವರಿಗೆ ಇದ್ದದ್ದು ಐದೇ ಜಾಗ. ಈಗ ಆರು ಜನವಾದೆವು. ಅವರಲ್ಲಿ ಹಿಂದಿನ ಸಾಲಿನಲ್ಲಿ ಆಡುವವರು ನಾವಿಬ್ಬರೇ; ನನ್ನನ್ನೋ ಬಕಾರಿಯನ್ನೋ ಕೈಬಿಡಬೇಕಿತ್ತು. ಒಕ್ಕೂಟಕ್ಕೆ ಆಟಗಾರರ ಪಟ್ಟಿ ಕಳಿಸುವ ಹಿಂದಿನ ದಿನ ಕೋಚ್ ಇಬ್ಬರನ್ನೂ ತಮ್ಮ ಕೋಣೆಗೆ ಕರೆದರು. ಬಕಾರಿಗೆ ಗೊತ್ತಿದ್ದ ಅರಬ್ಬಿ ಮೈದಾನದ ಹತ್ತು ಮಾತು. ಅವನಿಗೆ ಯಾವುದನ್ನೇ ಹೇಳಬೇಕಾದರೂ ನಾನೇ ಅನುವಾದಿಸಬೇಕಿತ್ತು.

"ಕೇಳು ಅವನನ್ನ," ಎಂದರು ಕೋಚ್. "ನಿನ್ನ ಯಾಕೆ ಅಣ್ಣ ಅಂತಾನೆ?"

ನಾನು ಜೋಲಾದಲ್ಲಿ ಕೇಳಿದೆ. ಬಕಾರಿ ಕೋಚ್ ಕಡೆ ನೋಡಿ ಮುಗುಳ್ನಕ್ಕು, ತುಟಿ ಹೆಚ್ಚು ಅಲ್ಲಾಡಿಸದೆ, "ಏನು ಹೇಳ್ಲಿ ಅಣ್ಣಾ? ನೀವು ಹೇಳಿದ್ದೇ ನಾನು ಹೇಳಿದ್ದು" ಎಂದ.

"ಗೌರವಕ್ಕೆ ಹಾಗಂತಾನಂತೆ, ಕ್ಯಾಪ್ಟನ್," ಎಂದೆ. "ನಾನು ಮೊದಲು ಊರು ಬಿಟ್ಟವನಲ್ವಾ, ಅದಕ್ಕೆ."

ಕೋಚ್ ತಲೆಯಾಡಿಸಿದರು. ಮುಖ ಸಡಿಲವಾಯಿತು.

"ಸರಿ ಬಿಡು. ಆಟದಲ್ಲಿ ಇಬ್ಬರೂ ಒಂದೇ. ಆಡಳಿತದವರು ಚಿಕ್ಕ ವಯಸ್ಸಿನವನನ್ನ ಇಟ್ಕೊಳ್ಳಿ ಅಂತಾರೆ. ಅವನಿಗೆ ಹೇಳಿಬಿಡು, ವಯಸ್ಸಾಯ್ತು, ಊರಿಗೆ ಹೊರಡು ಅಂತ. ಮೆತ್ತಗೆ ಹೇಳು."

ನಾನು ಬಕಾರಿಯ ಕಡೆ ತಿರುಗಿದೆ. ಅವನು ನನ್ನ ಬಾಯನ್ನೇ ನೋಡುತ್ತಿದ್ದ. 'ತಮ್ಮಾ' ಎಂದು ಶುರುಮಾಡಿದೆ. ಮುಂದೆ 'ನಿನಗೆ ವಯಸ್ಸಾಯ್ತು' ಅನ್ನಬೇಕು. ಎರಡು ಸಲ ಬಾಯಿ ತೆರೆದೆ, ಮಾತು ಹೊರಡಲಿಲ್ಲ. ಇದು ದೊಡ್ಡತನವೆಂದು ನಾನು ಹೇಳುವುದಿಲ್ಲ. ಅರಬ್ಬಿಯಲ್ಲಿ ಎಷ್ಟು ಸುಳ್ಳು ಬೇಕಾದರೂ ಹೇಳಿದ್ದೆ. ಜೋಲಾದಲ್ಲಿ, ಆ ಮುಖಕ್ಕೆ, ಇದೊಂದು ಆಗಲಿಲ್ಲ.

"ಏನಾಯ್ತೋ?" ಎಂದರು ಕೋಚ್.

"ನನಗೆ ಮೂವತ್ನಾಲ್ಕು, ಕ್ಯಾಪ್ಟನ್."

ಅವರು ಎದ್ದು ಬಾಗಿಲು ಹಾಕಿದರು. ಬಕಾರಿ ನನ್ನ ತೋಳು ಹಿಡಿದು "ಏನಂದ್ರಿ? ಅಣ್ಣಾ, ಏನಂದ್ರಿ?" ಎಂದು ಕೇಳುತ್ತಲೇ ಇದ್ದ.

"ಈ ಮಾತು ನಾನು ಕೇಳಿಲ್ಲ," ಎಂದರು ಕೋಚ್ ಕೊನೆಗೆ. "ಇದು ಹೊರಗೆ ಹೋದ್ರೆ ನೀನಾಡಿ ಗೆದ್ದ ಎಲ್ಲ ಆಟಾನೂ ಕೆದಕ್ತಾರೆ. ನಿನ್ನ ಮಂಡಿ ಹೋಗಿದೆ. ಅರ್ಥ ಆಯ್ತಾ? ನಿನ್ನ ಮಂಡಿ ಹೋಗಿದೆ, ಊರಿಗೆ ಹೊರಟಿದೀಯ."

"ಅರ್ಥ ಆಯ್ತು, ಕ್ಯಾಪ್ಟನ್."

"ಕತ್ತೆ," ಎಂದರು. "ಇನ್ನೊಂದು ವರ್ಷ ಆಡ್ತಿದ್ದೆ."

ವಿಷಯ ತಿಳಿದಾಗ ಬಕಾರಿ ನನ್ನೊಂದಿಗೆ ಜಗಳ ತೆಗೆದ. ಆಮೇಲೆ ಅತ್ತ. ಆಮೇಲೆ ನನ್ನ ಬಟ್ಟೆ ಮಡಿಸಿಕೊಟ್ಟ. ಅವನನ್ನು ಪಟ್ಟಿಗೆ ಸೇರಿಸಿದರು. ಆ ವರ್ಷ ಕ್ಲಬ್ ಕೆಳಗಿನ ದರ್ಜೆಗೆ ಬೀಳದೆ ಉಳಿಯಿತು. ನಾನೀಗ ಜಿಗಿನ್‌ಶೋರಿನಲ್ಲಿ ಒಂದು ಶಾಲೆಯ ಹುಡುಗಿಯರಿಗೆ ಚೆಂಡಾಟ ಕಲಿಸುತ್ತಿದ್ದೇನೆ.

ದುಮ್ಯಾತಿನಿಂದ ಹೊರಡುವ ದಿನ ತಾಯಿಗೆ ಸಿಹಿ ಕೊಳ್ಳಲು ಮಾರುಕಟ್ಟೆಗೆ ಹೋಗಿದ್ದೆ. ಜಿಲೇಬಿಯಂಥ ಮುಶಬ್ಬಕ್ ಮಾರುವ ಉಮ್ಮ್ ಹನಾನ್ ನನ್ನನ್ನು ಕಂಡದ್ದೇ ಎದೆಗೆ ಕೈಯಿಟ್ಟುಕೊಂಡಳು.

"ಅಯ್ಯೋ ನನ್ನಪ್ಪಾ, ಮಂಡಿ ಹೋಯ್ತಂತೆ! ಇಷ್ಟು ಚಿಕ್ಕ ವಯಸ್ಸಿಗೆ! ಯಾವ ಕಾಲು?"

ಅದನ್ನು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ. "ಎಡಗಾಲು ಅಮ್ಮಾ," ಎಂದೆ. ಅವಳು ಒಂದು ಪೊಟ್ಟಣ ಜಾಸ್ತಿಯೇ ಕಟ್ಟಿಕೊಟ್ಟು, ನಾನು ತಿರುವು ದಾಟುವವರೆಗೂ ನೋಡುತ್ತ ನಿಂತಿದ್ದಳು. ಅಷ್ಟು ದೂರವೂ ಎಡಗಾಲನ್ನು ಎಳೆಯುತ್ತ ನಡೆದೆ.