ಎರಡನೆಯ ಡಬ್ಬಿ

ಹನ್ನೊಂದು ವರ್ಷದಿಂದ ಒಂದೇ ಪಾಠ ಹೇಳಿ ಹೇಳಿ ನನಗೇ ಸಾಕಾಗಿಹೋಗಿದೆ. ಮಕ್ಕಳು ಡಿಸೈನ್ ಮಾಡಿ ಮುಗಿಸುತ್ತಾರೆ. ಅದನ್ನು ಗಿರಾಕಿಯ ಮುಂದಿಟ್ಟು ಒಪ್ಪಿಸುವುದು ಹೇಗೆಂದು ಕಲಿಸುವುದು ನನ್ನ ಕೆಲಸ. ಪಾಠದಲ್ಲಿರುವುದೇ ಎರಡು ಮಾತು. ನಿಮಗೇ ಒಪ್ಪಿಗೆಯಾಗದ್ದನ್ನು ತೋರಿಸಲೇಬೇಡಿ, ಗಿರಾಕಿಯ ಕಣ್ಣು ನೆಟ್ಟಗೆ ಅದರ ಮೇಲೇ ಬೀಳುತ್ತದೆ. ಹೇಳುವುದು ಮುಗಿದ ಮೇಲೆ ಬಾಯಿ ಮುಚ್ಚಿಕೊಂಡಿರಿ, ಮೊದಲು ಬಾಯಿ ಬಿಟ್ಟವರು ಸೋತಂತೆ.

ಎರಡನೆಯದಕ್ಕೆ ನಾನೇ ಗಿರಾಕಿಯಾಗಿ ಮುಖ ಗಂಟು ಹಾಕಿಕೊಂಡು ಕೂರುತ್ತೇನೆ. ಐದೆಣಿಸುವುದರೊಳಗೆ ಎಂಥ ಬಾಯಿಬಡುಕರೂ "ಬೇಕಾದ್ರೆ ಬಣ್ಣ ಬದಲಾಯಿಸ್ತೀವಿ" ಎಂದುಬಿಡುತ್ತಾರೆ.

ಈ ವರ್ಷ ಒಬ್ಬ ಹುಡುಗಿಯಿದ್ದಳು. ಅವಳ ದನಿ ಎರಡನೆಯ ಬೆಂಚಿಗೂ ಕೇಳುತ್ತಿರಲಿಲ್ಲ, ಹಾಗಾಗಿ ಜೊತೆಯವರು ಇಟ್ಟ ಹೆಸರು ಪಿಸುಮಾತು. ಅವಳ ಅಜ್ಜಿ ರಾತ್ರಿಯ ಮಾತ್ರೆಯನ್ನು ಬೆಳಿಗ್ಗೆ ನುಂಗಿ, ತಲೆಸುತ್ತಿ ಬಚ್ಚಲಲ್ಲಿ ಬಿದ್ದು ಸೊಂಟ ಮುರಿದುಕೊಂಡಿದ್ದರು. ಅದಕ್ಕೇ ಅವಳು ಮಾತ್ರೆ ಡಬ್ಬಿಗಳನ್ನು ಹೀಗೆ ಮಾಡಿದ್ದಳು: ಬೆಳಗಿನದು ಬಿಳಿ, ರಾತ್ರಿಯದು ಕಪ್ಪು, ಮೇಲೆ ಹೆಬ್ಬೆರಳು ಗಾತ್ರದ ಅಕ್ಷರ. ಹೂವಿಲ್ಲ, ಬಳ್ಳಿಯಿಲ್ಲ.

"ಅಜ್ಜಿ ಕನ್ನಡಕ ಇಲ್ದೆ ಓದಿದ್ರು ಮೇಡಂ," ಎಂದಳು. ತಿದ್ದಲು ನನಗೆ ಏನೂ ಸಿಗಲಿಲ್ಲ. ಮನೆಯಲ್ಲಿ ನನ್ನ ಅಮ್ಮನಿಗೂ ದಿನಕ್ಕೆ ಆರು ಮಾತ್ರೆ. ಆ ಡಬ್ಬಿ ಅಂಗಡಿಗೆ ಬರಲೇಬೇಕು ಅನ್ನಿಸಿತು.

ಬರುವ ದಾರಿಯೂ ಇತ್ತು. ಮಾತ್ರೆ ಕಾರ್ಖಾನೆಯ ಯಜಮಾನರು ಮಕ್ಕಳೆಲ್ಲ ಮಾಡಿದ ಮಾತ್ರೆ ಡಬ್ಬಿಗಳನ್ನು ನೋಡಲು ಬರುವವರಿದ್ದರು. ಅವರು ಒಪ್ಪಿದ ಒಂದು ಡಬ್ಬಿ ನಿಜವಾಗಿಯೇ ಅಚ್ಚಾಗುತ್ತಿತ್ತು. "ಅವ್ರನ್ನ ಬರಿಗೈಲಿ ಕಳಿಸ್ಬೇಡಿ ಮತ್ತೆ," ಎಂದು ಪ್ರಿನ್ಸಿಪಾಲರು ಆ ದಿನ ಬೆಳಿಗ್ಗೆಯಿಂದ ಮೂರು ಸಲ ನನ್ನ ತಲೆ ತಿಂದಿದ್ದರು.

ಪಿಸುಮಾತು ಇನ್ನೊಂದು ಡಬ್ಬಿಯನ್ನೂ ತಂದಿದ್ದಳು. ತಿಳಿಹಸಿರು, ಸುತ್ತ ಎಲೆಬಳ್ಳಿ, ಇರುವೆ ಸಾಲಿನಂಥ ಅಕ್ಷರ.

"ಒಂದೇ ತೋರಿಸಿದ್ರೆ ಅಹಂಕಾರ ಅಂದ್ಕೊಳ್ಳಲ್ವಾ ಮೇಡಂ?"

"ಅಂದ್ಕೊಳ್ಲಿ ಬಿಡು. ಇದು ನನ್ನ ಹತ್ರ ಇರ್ಲಿ." ಕಿತ್ತುಕೊಂಡು ನನ್ನ ಚೀಲಕ್ಕೆ ಹಾಕಿದೆ.

ಯಜಮಾನರು ಒಂದೂವರೆ ಗಂಟೆ ತಡವಾಗಿ ಬಂದರು. ಮೊದಲ ನಾಲ್ವರ ಡಬ್ಬಿ ನೋಡಿ ನಾಲ್ಕು ಸಲ ಆಕಳಿಸಿದರು. ಐದನೆಯವಳು ಪಿಸುಮಾತು. ಅವಳ ದನಿ ಕೇಳಲೆಂದು ಮನುಷ್ಯ ಮುಂದಕ್ಕೆ ಬಾಗಬೇಕಾಯಿತು. ಅಜ್ಜಿಯ ವಿಷಯ ಹೇಳಿದಳು, ಡಬ್ಬಿಗಳನ್ನು ಅವರ ಕೈಗಿಟ್ಟಳು.

"ಕಪ್ಪು ಡಬ್ಬೀಲಿ ಔಷಧೀನಾ? ಬೇರೆ ಏನೂ ಇಲ್ವೇನಮ್ಮಾ?"

"ಇಲ್ಲ ಸರ್. ಇದೇ."

ಅಷ್ಟು ಹೇಳಿ ಬಾಯಿ ಮುಚ್ಚಿದಳು. ಹತ್ತು ಎಣಿಸಿದೆ, ಇಪ್ಪತ್ತು ಎಣಿಸಿದೆ. ಫ್ಯಾನು ಕಿರ್ ಎನ್ನುತ್ತಿತ್ತು. ಹನ್ನೊಂದು ವರ್ಷದಲ್ಲಿ ಯಾವ ಮಗುವೂ ಅಷ್ಟು ಹೊತ್ತು ತಡೆದುಕೊಂಡಿರಲಿಲ್ಲ. ಬೆಳಗಿನಿಂದ ನಿಂತು ನನ್ನ ಸೊಂಟ ಬಿದ್ದುಹೋಗಿತ್ತು. ಪ್ರಿನ್ಸಿಪಾಲರು ಬಾಗಿಲ ಬಳಿಯಿಂದ ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದರು. ಒಮ್ಮೆ ಮುಗಿದರೆ ಸಾಕು, ಮನೆಗೆ ಹೋಗಿ ಕಾಲು ಚಾಚಿದರೆ ಸಾಕು ಎನ್ನಿಸಿತು.

"ಇನ್ನೊಂದಿದೆ ಸರ್," ಎಂದಿತು ನನ್ನ ಹಾಳು ಬಾಯಿ. ಕೈ ಆಗಲೇ ಚೀಲದೊಳಗಿತ್ತು.

"ನೋಡಿ, ಇದು ಡಬ್ಬಿ ಅಂದ್ರೆ!" ಯಜಮಾನರ ಮುಖ ಅರಳಿತು. ಪ್ರಿನ್ಸಿಪಾಲರು ಚಪ್ಪಾಳೆ ತಟ್ಟಿದರು, ಎಲ್ಲರೂ ತಟ್ಟಿದರು.

ಎಲ್ಲರೂ ಹೋದ ಮೇಲೆ ಅವಳು ಕಪ್ಪು ಡಬ್ಬಿಯನ್ನು ಮಡಿಸಿ ಚಪ್ಪಟೆ ಮಾಡುತ್ತಿದ್ದಳು. ಕೂಗಾಡಿದ್ದರೆ ತಡೆದುಕೊಳ್ಳುತ್ತಿದ್ದೆ.

"ನೀವು ನೋಡ್ಲಿಲ್ಲ ಮೇಡಂ," ಎಂದಳು, ಯಾವತ್ತಿನ ದನಿಯಲ್ಲೇ. "ಅವ್ರು ಕನ್ನಡಕ ತೆಗೆದಿಟ್ಟು ಓದ್ತಾ ಇದ್ರು."

ನಿಜ, ನಾನು ನೋಡಿರಲಿಲ್ಲ. ಎಣಿಸುತ್ತಿದ್ದೆ.

ನಾಲ್ಕು ತಿಂಗಳ ಮೇಲೆ ಔಷಧಿ ಅಂಗಡಿಯವನು ಅಮ್ಮನ ಮಾತ್ರೆಗಳನ್ನು ಹಸಿರು ಡಬ್ಬಿಗಳಲ್ಲಿ ಕೊಟ್ಟ. ಅಮ್ಮ ಕಿಟಕಿಯ ಬಳಿ ನಿಂತು, ಒಂದನ್ನು ಕೈ ಚಾಚಿ ದೂರ ಹಿಡಿದು, ಮತ್ತೆ ಮೂಗಿಗೆ ತಂದು ನೋಡಿದಳು.

"ಇದು ಬೆಳಿಗ್ಗೇದೋ ರಾತ್ರೀದೋ? ಬರೀ ಎಲೆ ಕಾಣುತ್ತೆ ಕಣೇ."

ದಪ್ಪ ಪೆನ್ನು ಹುಡುಕಿ ತಂದು, ಎಲೆಗಳ ಮೇಲೆಯೇ 'ರಾತ್ರಿ' ಎಂದು ಬರೆದುಕೊಟ್ಟೆ.