ಮುಹೂರ್ತವಿಲ್ಲದ ತಿಂಗಳು

ಫ್ಯಾಕ್ಟರಿ ಬಸ್ಸು ಬೀದಿಯ ತುದಿಯಲ್ಲಿ ಇಳಿಸಿ ಹೋದ ಮೇಲೆ ಅಕ್ಕ ತಕ್ಷಣ ನಡೆಯಲಿಲ್ಲ. ಬಾಗಿಲು ಹಾಕಿದ್ದ ಅಂಗಡಿಯೊಂದರ ಮೆಟ್ಟಿಲ ಮೇಲೆ ಕೂತು, ಚಪ್ಪಲಿಯಿಂದ ಕಾಲು ಹೊರಗೆಳೆದು, ಊದಿಕೊಂಡ ಬೆರಳುಗಳನ್ನು ಅಲ್ಲಾಡಿಸಿದಳು. ಶರ್ಟು ಹೊಲಿಯುವ ಆ ಕಾರ್ಖಾನೆಯಲ್ಲಿ ಅವಳದು ಸಾಲಿನ ಕೊನೆಯ ಮೇಜು. ಹೊಲಿದು ಬಂದ ಕಾಲರುಗಳನ್ನು ನಿಂತೇ ತಿರುವಿ ನೋಡಿ, ಸೊಟ್ಟಗಿದ್ದದ್ದನ್ನು ಹಿಂದಕ್ಕೆ ಕಳಿಸುವುದು ಅವಳ ಕೆಲಸ. ಹೊಸದಾಗಿ ಸೇರಿದ ಹುಡುಗಿಯರಿಂದ ಹಿಡಿದು ಮ್ಯಾನೇಜರರ ತನಕ ಎಲ್ಲರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ನಿಜವಾಗಿ ಅಕ್ಕ ಎನ್ನಬೇಕಾಗಿದ್ದ ತಂಗಿ ಮಾತ್ರ ಯಾವತ್ತೋ ತೀರಿಹೋಗಿದ್ದಳು. ಅವಳು ಬಿಟ್ಟುಹೋದ ಕೂಸು ಅಕ್ಕನ ಮಡಿಲಲ್ಲೇ ಬೆಳೆದು, ಈಗ ಹಲ್ಲಿನ ಡಾಕ್ಟರ ಹತ್ತಿರ ರೋಗಿಗಳಿಗೆ ಚೀಟಿ ಕೊಡುವ ಕೆಲಸಕ್ಕೆ ಹೋಗುತ್ತಿತ್ತು. ಮನೆಯಲ್ಲಿ ಇದ್ದವರು ಮೂವರೇ: ಅಕ್ಕ, ಆ ಹುಡುಗಿ, ಮತ್ತೆ ಅಪ್ಪ.

ಅಪ್ಪನನ್ನು ಬೀದಿಯವರು ತಿಥಿ ತಾತ ಎನ್ನುತ್ತಿದ್ದರು. ಹೊಸಬರು ಆ ಹೆಸರು ಕೇಳಿ, "ಅಯ್ಯೋ, ಯಾವಾಗ ಹೋದ್ರು?" ಎಂದು ವಿಚಾರಿಸುವುದಿತ್ತು. ತಾತ ಎಲ್ಲಿಗೂ ಹೋಗಿರಲಿಲ್ಲ. ಮುಂಬಾಗಿಲ ಕೋಣೆಯ ಕಿಟಕಿ ಪಕ್ಕ ಮೇಜು ಹಾಕಿಕೊಂಡು, ಒಂದು ಸಣ್ಣ ಮುದ್ರಣಾಲಯಕ್ಕೆ ವರ್ಷ ವರ್ಷವೂ ಪಂಚಾಂಗ ಗುಣಿಸಿಕೊಡುತ್ತಿದ್ದರು. ಊರಿನ ಉಳಿದವರೆಲ್ಲ ಈ ವರ್ಷದಲ್ಲಿ ಬದುಕಿದ್ದರೆ ಅಪ್ಪ ಬರುವ ವರ್ಷದಲ್ಲಿ ಇರುತ್ತಿದ್ದರು. ಚಂದ್ರ ಸೂರ್ಯನನ್ನು ಬಿಟ್ಟು ಎಷ್ಟು ಮುಂದೆ ಹೋದ, ಒಂದು ತಿಥಿ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಹತ್ತಿತು ಎಂದು ಗೀಚುತ್ತ ಕೂತರೆ ಊಟಕ್ಕೆ ಕರೆದದ್ದೂ ಕೇಳಿಸುತ್ತಿರಲಿಲ್ಲ. ಚಂದ್ರನ ನಡಿಗೆ ಒಂದೇ ಸಮನಲ್ಲ. ಒಮ್ಮೆ ಓಡುತ್ತಾನೆ, ಒಮ್ಮೆ ಕಾಲೆಳೆಯುತ್ತಾನೆ. ಹಾಗಾಗಿ ಒಂದು ತಿಥಿ ಎರಡು ಸೂರ್ಯೋದಯ ಕಾಣಬಹುದು, ಇನ್ನೊಂದು ಒಂದನ್ನೂ ಕಾಣದೆ ಮಾಯವಾಗಬಹುದು. ಕಾರ್ಖಾನೆಯಲ್ಲಿ ಸ್ಟಾಪ್‌ವಾಚ್ ಹಿಡಿದು ಬೆನ್ನ ಹಿಂದೆ ನಿಲ್ಲುವ ಮನುಷ್ಯನನ್ನು ಕಂಡಾಗಲೆಲ್ಲ ಅಕ್ಕನಿಗೆ ಇದು ನೆನಪಾಗುತ್ತಿತ್ತು. ಚಂದ್ರನಿಗೂ ಒಬ್ಬ ಸೂಪರ್‌ವೈಸರ್ ಇದ್ದಿದ್ದರೆ ಹೀಗೆ ಆಟ ಆಡುತ್ತಿದ್ದನೇ?

ಅವತ್ತು ಮನೆಗೆ ಬಂದರೆ ಹುಡುಗಿ ಆಗಲೇ ಬಂದು, ಅಡುಗೆಮನೆಯ ಕಟ್ಟೆಗೆ ಒರಗಿ ನಿಂತಿದ್ದಳು. ಚಹಾ ಸೋಸಿಟ್ಟಿದ್ದಳು, ಕುಡಿದಿರಲಿಲ್ಲ.

"ಏನಾಯ್ತೇ?"

"ಅವರಿಗೆ ಹಡಗಿನ ಕೆಲಸದ ಆರ್ಡರ್ ಬಂತು ದೊಡ್ಡಮ್ಮ. ಈ ತಿಂಗಳ ಕೊನೆಗೆ ಹತ್ತಬೇಕಂತೆ. ಹತ್ತಿದ್ರೆ ಮತ್ತೆ ವರ್ಷದ ಮೇಲೇ ಇಳಿಯೋದು."

ಹುಡುಗ ಹಡಗಿನ ಇಂಜಿನ್ ಕೋಣೆಯಲ್ಲಿ ಮೆಕ್ಯಾನಿಕ್. ಹಲ್ಲು ನೋವೆಂದು ಬಂದವನು, ನೋವು ಹೋದ ಮೇಲೂ ಚೀಟಿ ತೆಗೆದುಕೊಳ್ಳುತ್ತಲೇ ಇದ್ದ. ಎರಡೂ ಮನೆಯವರು ಒಪ್ಪಿಯಾಗಿತ್ತು. ರಿಜಿಸ್ಟರ್ ಮದುವೆ ಸಾಕೆಂದು ಕಚೇರಿಗೆ ನೋಟಿಸನ್ನೂ ಕೊಟ್ಟಾಗಿತ್ತು. ಆದರೆ ಹುಡುಗನ ತಾಯಿ ನಲ್ಲಿ ರಿಪೇರಿಯವನನ್ನೂ ರಾಹುಕಾಲ ಕಳೆದ ಮೇಲೇ ಒಳಗೆ ಬಿಡುವ ಹೆಂಗಸು. ಅವರ ಮನೆಯ ಮೊಳೆಗೆ ನೇತುಬಿದ್ದಿದ್ದದ್ದು ಅಪ್ಪನದೇ ಪಂಚಾಂಗ. ಅದರ ಪ್ರಕಾರ ನಡೆಯುತ್ತಿದ್ದದ್ದು ಅಧಿಕ ಮಾಸ. ಆ ತಿಂಗಳಿನ ಪುಟದಲ್ಲಿ ಮದುವೆ ಮುಹೂರ್ತ ಎಂಬ ಸಾಲಿನ ಮುಂದೆ ಏನೂ ಇರಲಿಲ್ಲ.

"ಅತ್ತೆಗೆ ಬೇರೇನೂ ಬೇಡ್ವಂತೆ. ತಾತ ಒಂದು ದಿನ ಹೇಳಿಬಿಟ್ರೆ ಸಾಕಂತೆ."

"ತಾತನ್ನ ಕೇಳಿದ್ಯಾ?"

"ಕೇಳ್ದೆ. ನೀನೇ ಹಾಕಿದ ತಿಂಗಳು ತಾನೇ, ನೀನೇ ತೆಗೆದುಬಿಡು ಅಂದೆ. ನಕ್ಕ. ಆಮೇಲೆ, ಇಲ್ಲದ ದಿನ ಎಲ್ಲಿಂದ ತರ್ಲಿ ಪುಟ್ಟಿ ಅಂದ." ಹುಡುಗಿ ಲೋಟ ಎತ್ತಿ ಮತ್ತೆ ಕೆಳಗಿಟ್ಟಳು. "ಹೋಗ್ಲಿ ಬಿಡು. ಒಂದು ವರ್ಷ ತಾನೇ. ಕಾಯ್ತೀನಿ."

ಹುಡುಗಿ ಅಳಲಿಲ್ಲ, ಮುಖ ಊದಿಸಲಿಲ್ಲ. ಚೆನ್ನಾಗಿ ಬೆಳೆದ ಮಕ್ಕಳು ಹೇಳುವ ಹಾಗೆ ಹೇಳಿ, ಬಟ್ಟೆ ಮಡಿಸಲು ಒಳಗೆ ಹೋದಳು. ಅಕ್ಕ ಅಲ್ಲೇ ನಿಂತಳು. ಆ ಮಾತನ್ನು ಹೇಳುವ ದನಿ ಅವಳಿಗೆ ಗುರುತಿನದು. ಅದು ಒಂದು ಕಾಲದಲ್ಲಿ ಅವಳದೇ ಗಂಟಲಿನಿಂದ ಬಂದಿತ್ತು.

ಆಗ ಅವಳಿಗೂ ಒಬ್ಬ ಗೊತ್ತಾಗಿದ್ದ. ಕಟ್ಟಡಗಳ ನಕ್ಷೆ ಬರೆಯುವವನು. ತಲೆ ತಗ್ಗಿಸಿ ನಗುತ್ತಿದ್ದ, ಕೈಬೆರಳಿಗೆ ಯಾವಾಗಲೂ ಮಸಿ. ಅವನಿಗೆ ದೂರದ ಊರಿಗೆ ವರ್ಗವಾಯಿತು. ಹೋಗುವ ಮೊದಲೇ ಮದುವೆ ಆಗಲಿ ಎಂದು ಅವನ ಕಡೆಯವರು ಕೇಳಿದರು. ಅದೂ ಅಧಿಕ ಮಾಸವೇ. ಕಾಯೋಣ ಎಂದರು ಅಪ್ಪ. ಅದು ಮುಗಿಯುವ ಹೊತ್ತಿಗೆ ಶುಕ್ರ ಸೂರ್ಯನ ಹತ್ತಿರ ಸರಿದು ಕಣ್ಣಿಗೆ ಮರೆಯಾದ. ಶುಕ್ರಾಸ್ತದಲ್ಲಿ ಮದುವೆ ಕೂಡದು, ಇನ್ನಷ್ಟು ಕಾಯೋಣ ಎಂದರು. ಅಷ್ಟರಲ್ಲಿ ಅವನ ತಾಯಿ ಹಾಸಿಗೆ ಹಿಡಿದರು. ಆ ಊರಿನಲ್ಲೇ ಹತ್ತಿರ ಇದ್ದ ಯಾರನ್ನೋ ಅವಸರಕ್ಕೆ ಅವನಿಗೆ ಗಂಟು ಹಾಕಿದರು. ಜಗಳವಾಗಲಿಲ್ಲ, ಮೋಸವೂ ಅಲ್ಲ. ಅವನು ಒಂದು ಸಲ ಬಂದು, ಬಾಗಿಲಲ್ಲೇ ನಿಂತು, ಹಾಗೇ ಹೋದ. ಆಮೇಲೆ ತಂಗಿಯ ಮದುವೆ, ಬಾಣಂತನ, ಸಾವು, ಆಮೇಲೆ ಕೂಸು, ಆಮೇಲೆ ಕಾರ್ಖಾನೆ. ಮತ್ತೆ ಮದುವೆಯ ಮಾತೆತ್ತಲು ಯಾರಿಗೂ ಪುರಸೊತ್ತಾಗಲಿಲ್ಲ.

ಆ ವಾರದ ರಜೆಯ ದಿನ ಬೆಳಿಗ್ಗೆ ಹುಡುಗಿ ಕೆಲಸಕ್ಕೆ ಹೋದ ಮೇಲೆ ಅಕ್ಕ ಕೋಣೆಯ ನೆಲ ಒರೆಸಲು ಶುರು ಮಾಡಿದಳು. ಅಪ್ಪ ಮೇಜಿನ ಮುಂದೆ ಬರುವ ವರ್ಷದ ಕರಡು ತಿದ್ದುತ್ತಿದ್ದರು.

"ಅಪ್ಪ, ಅವಳಿಗೆ ಒಂದು ದಿನ ಹೇಳಿ."

"ಹೇಳೋ ಹಾಗಿದ್ರೆ ಹೇಳ್ತಿರಲಿಲ್ವಾ?" ಅಪ್ಪ ಕನ್ನಡಕ ತೆಗೆದರು. "ನೋಡು, ಚಂದ್ರನ ಹನ್ನೆರಡು ತಿಂಗಳು ಸೂರ್ಯನ ವರ್ಷಕ್ಕೆ ಸಾಲಲ್ಲ. ಪ್ರತಿ ವರ್ಷ ಸ್ವಲ್ಪ ಸ್ವಲ್ಪ ಹಿಂದೆ ಬೀಳುತ್ತೆ. ಹಾಗೇ ಬಿಟ್ರೆ ಬೇಸಿಗೆಯ ತಿಂಗಳು ಚಳಿಗೆ ಬಂದು ಕೂರುತ್ತೆ. ಅದಕ್ಕೇ ಸೂರ್ಯ ಒಂದು ರಾಶಿಯಿಂದ ಇನ್ನೊಂದಕ್ಕೆ ಕಾಲಿಡದ ತಿಂಗಳು ಯಾವುದಿದೆಯೋ ಅದನ್ನ ಹೆಚ್ಚಿನದು ಅಂತ..."

"ಗೊತ್ತಪ್ಪ. ಚಿಕ್ಕಂದಿನಿಂದ ಕೇಳಿದೀನಿ." ಅಕ್ಕ ಒದ್ದೆ ಬಟ್ಟೆ ಹಿಂಡಿದಳು. ದನಿ ಏರಿಸುವಷ್ಟು ಶಕ್ತಿ ಅವಳಲ್ಲಿ ಇರಲಿಲ್ಲ. "ನನಗೆ ಸುಸ್ತಾಗಿದೆ. ಇವಳು ಇಲ್ಲಿ ಕಾಯ್ತಾ ಕೂರೋದನ್ನ ನಾನು ಇನ್ನೊಂದು ಸಲ ನೋಡಕ್ಕಾಗಲ್ಲ."

ಇನ್ನೊಂದು ಸಲ ಎಂಬ ಮಾತು ಕೋಣೆಯಲ್ಲಿ ಹಾಗೇ ಉಳಿಯಿತು. ಇಷ್ಟು ವರ್ಷ ಅಪ್ಪ ಮಗಳು ಇಬ್ಬರೂ ಅದರ ಸುತ್ತ ಹುಷಾರಾಗಿ ಓಡಾಡಿಕೊಂಡಿದ್ದರು.

"ಒಂದು ಮಾತು ಕೇಳ್ತೀನಿ," ಎಂದಳು ಅಕ್ಕ, ನೆಲದ ಮೇಲೆಯೇ ಕೂತು. "ಆ ವರ್ಷದ ಲೆಕ್ಕ ಸರಿಯಾಗಿತ್ತಾ?"

ಯಾವ ವರ್ಷ ಎಂದು ಅಪ್ಪ ಕೇಳಲಿಲ್ಲ. "ಸರಿಯಾಗೇ ಇತ್ತು."

"ಆಮೇಲೆ ಯಾವತ್ತಾದ್ರೂ ತಿರುಗಿ ನೋಡಿದ್ರಾ?"

ಅಪ್ಪ ಕನ್ನಡಕವನ್ನು ಅಂಗಿಯ ತುದಿಯಿಂದ ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು.

"ಪ್ರತಿ ವರ್ಷ ನೋಡ್ತೀನಿ," ಎಂದರು. "ಹೊಸ ವರ್ಷದ್ದು ಮುಗಿಸಿದ ಮೇಲೆ ಅದನ್ನ ತೆಗೆದು ಮೊದಲಿಂದ ಗುಣಿಸ್ತೀನಿ. ಎಲ್ಲಾದ್ರೂ ಒಂದು ತಪ್ಪು ಇದ್ದೇ ಇರುತ್ತೆ, ಸಿಕ್ಕೇ ಸಿಗುತ್ತೆ ಅಂತ. ಸಿಕ್ಕಿದ್ರೆ ನಿನ್ನ ಮುಂದೆ ಬಂದು, ನಾನು ತಪ್ಪು ಮಾಡ್ದೆ ಮಗಳೇ ಅಂತ ಹೇಳ್ಬಹುದಿತ್ತು." ಅವರ ದನಿ ಸಣ್ಣಗಾಯಿತು. "ಸಿಗಲಿಲ್ಲ ಕಣಮ್ಮ. ಎಲ್ಲ ಸರಿಯಾಗೇ ಇದೆ."

ಅಕ್ಕನಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅಪ್ಪ ಪ್ರತಿ ವರ್ಷ ಒಬ್ಬರೇ ಕೂತು, ತನಗಾಗಿ ಒಂದು ತಪ್ಪು ಹುಡುಕಿದ್ದು ಅವಳಿಗೆ ಗೊತ್ತೇ ಇರಲಿಲ್ಲ. ಎದ್ದು, ಬಕೆಟ್ಟಿನ ಕೊಳೆನೀರು ಚೆಲ್ಲಿ ಬಂದಳು. ಬಂದು ನೋಡಿದರೆ ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಗುಂಡಿ ತಪ್ಪಾಗಿ ಹಾಕಿಕೊಂಡು, ಬಾಗಿಲ ಹತ್ತಿರ ನಿಂತಿದ್ದರು.

"ಎಲ್ಲಿಗೆ?"

"ಆ ಹೆಂಗಸಿನ ಮನೆಗೆ. ನೀನೂ ಬಾ. ನನಗೆ ದಾರಿ ಗೊತ್ತಿಲ್ಲ."

ಅದು ಮೂರನೆಯ ಮಹಡಿ, ಲಿಫ್ಟು ಇಲ್ಲ. ಪ್ರತಿ ತಿರುವಿನಲ್ಲೂ ಅಪ್ಪ ಕಂಬಿ ಹಿಡಿದು ನಿಂತು ಉಸಿರು ಬಿಟ್ಟರು. ಹುಡುಗನ ತಾಯಿ ಬಾಗಿಲು ತೆರೆದವರು, ತಿಥಿ ತಾತನನ್ನೇ ಕಂಡು ಗಾಬರಿಯಾಗಿ, ಸೋಫಾದ ಮೇಲಿದ್ದ ಒಗೆದ ಬಟ್ಟೆಗಳನ್ನೆಲ್ಲ ಬಾಚಿ ಮಂಚಕ್ಕೆಸೆದರು. ಅವರು ಟೆಲಿಫೋನ್ ಆಫೀಸಿನಲ್ಲಿ ದುಡಿದು ನಿವೃತ್ತರಾದವರು. ಗಟ್ಟಿ ದನಿ.

"ನೀವೇ ಬಂದ್ರಲ್ಲ ತಾತ! ಒಂದೇ ಒಂದು ದಿನ ಹೇಳಿಬಿಡಿ. ಕಣ್ಣು ಮುಚ್ಚಿ ಒಪ್ಕೋತೀನಿ."

"ಈ ತಿಂಗಳಲ್ಲಿ ಮುಹೂರ್ತ ಇಲ್ಲಮ್ಮ."

"ಮತ್ತೆ... ಅಷ್ಟು ಮೆಟ್ಟಿಲು ಹತ್ತಿ ಬಂದ್ರಿ?"

"ಮುಹೂರ್ತ ಇಲ್ದೇನೇ ಮಾಡಿ ಅಂತ ಹೇಳಕ್ಕೆ ಬಂದೆ."

ಆಕೆ ಸಿಟ್ಟಾದರು. "ನೀವೇ ಹೀಗಂದ್ರೆ ಹೇಗೆ ತಾತ? ಇಷ್ಟು ವರ್ಷ ನಿಮ್ಮ ಪುಸ್ತಕ ನೋಡ್ದೆ ನಾನು ಒಂದು ಪರದೆ ಬದಲಾಯಿಸಿದವಳಲ್ಲ!"

"ಚಂದ್ರ ಯಾವ ಹೊತ್ತಿಗೆ ಎಲ್ಲಿರ್ತಾನೆ ಅಂತ ಕೇಳಿ, ಆಣೆ ಮಾಡಿ ಹೇಳ್ತೀನಿ," ಎಂದರು ಅಪ್ಪ. "ಮಕ್ಕಳು ಚೆನ್ನಾಗಿರ್ತಾರಾ ಇಲ್ವಾ ಅನ್ನೋದು ನನಗೆ ಗೊತ್ತಾಗಲ್ಲ. ಗೊತ್ತು ಅಂತ ಒಂದು ಸಲ ಅಂದ್ಕೊಂಡೆ. ಸರಿಯಾಗಿ ಲೆಕ್ಕ ಹಾಕಿ, ಕೆಟ್ಟದ್ದು ಮಾಡ್ಕೊಂಡೆ." ಹೇಳುವಾಗ ಮಗಳ ಕಡೆ ನೋಡಲಿಲ್ಲ.

"ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ?"

"ನನ್ನನ್ನ ಬೈಯಿರಿ. ಪುಸ್ತಕದ ಮೇಲೆ ಹೆಸರಿದೆ, ವಿಳಾಸನೂ ಇದೆ."

ಆಕೆ ಸೆರಗಿನ ಅಂಚಿನಿಂದ ಮೂಗು ಒರೆಸಿಕೊಂಡು, "ಬರ್ತೀನಿ. ಆದ್ರೆ ಫೋಟೋದಲ್ಲಿ ನಗಲ್ಲ," ಎಂದರು.

ಹೇಳಿದ ಮಾತು ಉಳಿಸಿಕೊಂಡರು. ಮದುವೆ ನೋಂದಣಿ ಕಚೇರಿಯ ಮರದ ಬೆಂಚಿನ ಮುಂದೆ ತೆಗೆದ ಫೋಟೋದಲ್ಲಿ ಹುಡುಗಿ ನಗುತ್ತಿದ್ದಾಳೆ, ಹುಡುಗ ಕಣ್ಣು ಮುಚ್ಚಿದ್ದಾನೆ, ಅವನ ತಾಯಿ ಹಲ್ಲು ಕೀಳಿಸಿಕೊಂಡು ಬಂದವರಂತೆ ತುಟಿ ಬಿಗಿದಿದ್ದಾರೆ. ಸಾಕ್ಷಿಯ ರುಜು ಹಾಕಲು ಅಪ್ಪನನ್ನು ಕರೆದಾಗ ಅವರು ರುಜು ಹಾಕಿ, ಅದರ ಕೆಳಗೆ ಕೃಷ್ಣ ಪಕ್ಷ ಎಂದು ಬರೆಯತೊಡಗಿದರು.

"ತಾತ, ತಾತ, ತಾರೀಕು ಹಾಕಿ ಸಾಕು," ಎಂದ ಗುಮಾಸ್ತ.

ಅಪ್ಪ ಪೆನ್ನು ಎತ್ತಿ ಹಿಡಿದು ಮಗಳ ಕಡೆ ತಿರುಗಿದರು. "ಇವತ್ತು ತಾರೀಕೆಷ್ಟಮ್ಮ?"

ಹುಡುಗಿಗೆ ನಗು ತಡೆಯಲಾಗಲಿಲ್ಲ. ಅಕ್ಕನೂ ನಕ್ಕಳು. ನಕ್ಕು ಎಷ್ಟು ದಿನವಾಗಿತ್ತೋ, ದವಡೆ ನೋಯಿತು.

ಹುಡುಗ ಹಡಗು ಹತ್ತಿದ. ಹುಡುಗಿ ಆ ಮೂರನೆಯ ಮಹಡಿಗೆ ಹೋದಳು. ಎರಡು ದಿನಕ್ಕೊಮ್ಮೆ ಫೋನು ಮಾಡಿ, ಅತ್ತೆ ಪಂಚಾಂಗವನ್ನು ಮೊಳೆಯಿಂದ ಕಿತ್ತು ಬೀರುವಿಗೆ ಹಾಕಿದ್ದನ್ನೂ, ಮರುವಾರವೇ ತೆಗೆದು ಮತ್ತೆ ನೇತುಹಾಕಿದ್ದನ್ನೂ ವರದಿ ಮಾಡಿದಳು. ಅವಳ ದನಿಯಲ್ಲಿ ಬೇಜಾರಿರಲಿಲ್ಲ. ಅಕ್ಕನಿಗೆ ಅಂಥ ಸಂತೋಷವೇನೂ ಆಗಲಿಲ್ಲ. ಭಾರದ ಚೀಲ ಹೊತ್ತು ಬಂದು ಇಳಿಸಿದ ಮೇಲೂ ಕೈ ನೋಯುತ್ತಲೇ ಇರುತ್ತದಲ್ಲ, ಹಾಗಿತ್ತು.

ಅಪ್ಪ ಬರುವ ವರ್ಷದ ಲೆಕ್ಕ ಮುಗಿಸಿ ಮುದ್ರಣಾಲಯದ ಮಾಲೀಕನನ್ನು ಕರೆಸಿದರು. ತಿಥಿ, ವಾರ, ನಕ್ಷತ್ರ, ಗ್ರಹಣ ಎಲ್ಲ ಬರೆದಿದ್ದರು. ಮುಹೂರ್ತದ ಪುಟಗಳನ್ನು ಬರೆದಿರಲಿಲ್ಲ.

"ಜನ ಕೊಳ್ಳೋದೇ ಆ ಪುಟಕ್ಕೆ ತಾತ," ಎಂದ ಅವನು.

"ಹಾಗಿದ್ರೆ ಬೇರೆಯವರ ಹತ್ತಿರ ಬರೆಸಪ್ಪ. ನನಗೆ ಇನ್ನು ಬೇಡ."

ಅವನು ಒಳ್ಳೆಯವನೇ. ಎರಡು ಸಲ ಬಂದು ಬೇಡಿಕೊಂಡ. ಮೂರನೆಯ ಸಲ ಬರಲಿಲ್ಲ. ಇಡೀ ಪಂಚಾಂಗವನ್ನೇ ಬೇರೊಬ್ಬರಿಗೆ ಒಪ್ಪಿಸಿದ. ಸುದ್ದಿ ಕೇಳಿದ ದಿನ ಅಪ್ಪ ಮೇಜಿನ ಮೇಲಿನ ಕಾಗದಗಳನ್ನು ಒಟ್ಟುಮಾಡಿ ಕಟ್ಟಿಟ್ಟರು. ನಾಲ್ಕಾರು ದಿನ ಮನೆಯಲ್ಲಿ ದಿಕ್ಕುತಪ್ಪಿದವರಂತೆ ಓಡಾಡಿದರು. ಜೀವನದಲ್ಲೇ ಮೊದಲ ಸಲ ಅವರು ಎಲ್ಲರ ಜೊತೆ ಈ ವರ್ಷದಲ್ಲೇ ಇರಬೇಕಾಗಿತ್ತು, ಇಲ್ಲಿ ಮಾಡುವುದೇನೆಂದು ಗೊತ್ತಿರಲಿಲ್ಲ. ಅಕ್ಕನಿಗೆ ಪಾಪ ಅನ್ನಿಸಿತು. ಸಂಜೆ ಹೊತ್ತು ಪಕ್ಕದಲ್ಲಿ ಕೂತು, ಕಾರ್ಖಾನೆಯ ಸ್ಟಾಪ್‌ವಾಚ್ ಮನುಷ್ಯನ ಕತೆ ಹೇಳಿದಳು. ಅಪ್ಪ ಆಸಕ್ತಿಯಿಂದ ಕೇಳಿ, "ಅವನಿಗೆ ಸಂಬಳ ಎಷ್ಟು?" ಎಂದರು. ಇಷ್ಟು ವರ್ಷದಲ್ಲಿ ಅವರು ಕಾರ್ಖಾನೆಯ ಬಗ್ಗೆ ಕೇಳಿದ ಮೊದಲ ಪ್ರಶ್ನೆ ಅದು.

ಮುಂದಿನ ರಜೆಯ ದಿನ ಅಕ್ಕ ತಿಂಡಿಯ ಪಾತ್ರೆಗಳನ್ನು ತೊಳೆಯದೆ ಹಾಗೇ ಬಿಟ್ಟು, ಸ್ವಲ್ಪ ಒರಗಿಕೊಳ್ಳುತ್ತೇನೆ ಎಂದು ಮಲಗಿದಳು. ನಿದ್ದೆ ಹತ್ತಿತು. ಹತ್ತು ಗಂಟೆ ದಾಟಿತು, ಬಿಸಿಲು ಕಿಟಕಿಯಿಂದ ಗೋಡೆಗೆ ಸರಿಯಿತು, ಅವಳಿಗೆ ಎಚ್ಚರವಿಲ್ಲ. ಬೀದಿಯ ಆಚೆ ಮನೆಯವನು ಹೊಸ ಅಂಗಡಿ ತೆರೆಯಲು ದಿನ ಕೇಳಬೇಕೆಂದು ಬಂದ. ಅಪ್ಪ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದವರು ತುಟಿಗೆ ಬೆರಳಿಟ್ಟರು.

"ಮಗಳು ಮಲಗಿದಾಳೆ," ಎಂದು ಪಿಸುಗುಟ್ಟಿದರು.

"ಯಾವಾಗ ಬರ್ಲಿ ತಾತ?"

"ಯಾವಾಗಾದ್ರೂ ಬಾ," ಎಂದು ಕೈ ಮಾಡಿ ಕಳಿಸಿ, ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡರು.