ಉಲ್ಟಾ ಮಗ್ಗಿ

ಮೂರು ಚಕ್ರದ ಮೋಟಾರ್‌ಸೈಕಲ್ಲನ್ನು ಹುಡುಗರು ಗ್ಯಾರೇಜಿನೊಳಗೆ ತಳ್ಳಿಕೊಂಡು ಬರುವಾಗ ಅದರ ಹಿಂದಿನ ಎಡಚಕ್ರದ ನಟ್ಟಿಗೆ ಸುತ್ತಿಕೊಂಡಿದ್ದ ಹಸಿರು ಉಣ್ಣೆಯ ದಾರ ಮೊದಲು ಅವಳ ಕಣ್ಣಿಗೇ ಬಿತ್ತು. ಯಾವುದೋ ಶಾಲಿನ ಎಳೆ. ಯಾವುದೋ ಎಂದು ತನಗೆ ತಾನೇ ಹೇಳಿಕೊಂಡಳು, ಅಷ್ಟೇ. ಆ ಶಾಲು ಯಾರದೆಂದು ಗ್ಯಾರೇಜಿನ ನಾಯಿಗೂ ಗೊತ್ತಿತ್ತು.

ಗಾಡಿಯ ಹಿಂದೆಯೇ ಮೇಷ್ಟ್ರು ಬಂದರು. ಎಡಗಾಲಿನ ಮಂಡಿ ಮಡಚುವುದಿಲ್ಲ, ಕೈಯಲ್ಲಿ ಕೋಲು, ಮೂಗಿನ ಮೇಲೆ ಸೀಸೆಯ ತಳದಷ್ಟು ದಪ್ಪ ಗಾಜಿನ ಕನ್ನಡಕ. ಮಂಡಿಯ ಕಾರಣಕ್ಕೇ ಈ ಗಾಡಿ ಕೊಂಡವರು ಅವರು. ಕಾಲಿನ ಗೇರನ್ನು ಕೈಯಲ್ಲಿ ಹಾಕುವ ಹಾಗೆ ಹಿಡಿ ಕೂಡಿಸಿ ಕೊಟ್ಟವಳು ಅವಳು.

"ಏನಮ್ಮಾ, ಹದಿಮೂರು," ಎಂದರು.

ಅದು ಅವರಿಟ್ಟ ಹೆಸರು. ಮೂವತ್ತು ವರ್ಷದ ಕೆಳಗೆ ಅವರ ಲೆಕ್ಕದ ತರಗತಿಯಲ್ಲಿ ಹದಿಮೂರರ ಮಗ್ಗಿ ಹೇಳುವಾಗ ಏಳರ ಹತ್ತಿರ ಬಂದರೆ ಅವಳ ನಾಲಗೆ ತೊಡರುತ್ತಿತ್ತು. ಮೇಷ್ಟ್ರಿಗೆ ತಿಳಿಯದಿರಲಿ ಎಂದು ಹದಿಮೂರೇಳನ್ನು ಹಾರಿಸಿ ಹದಿಮೂರೆಂಟಕ್ಕೆ ಜಿಗಿಯುತ್ತಿದ್ದಳು. ಒಮ್ಮೆಯೂ ಅವರಿಗೆ ತಿಳಿಯದೆ ಇರಲಿಲ್ಲ. ಈಗ ಅಣ್ಣನ ಗ್ಯಾರೇಜಿನಲ್ಲಿ ವೈರು, ಸೆನ್ಸರುಗಳ ಕೆಲಸವೆಲ್ಲ ಅವಳದೇ. ದೂರದೂರದಿಂದ ಜನ ಅವಳನ್ನೇ ಕೇಳಿಕೊಂಡು ಬರುತ್ತಾರೆ. ಮೇಷ್ಟ್ರಿಗೆ ಮಾತ್ರ ಇಂದಿಗೂ ಹದಿಮೂರೇ.

"ಅಮ್ಮ ಹೇಗಿದಾರೆ ಮೇಷ್ಟ್ರೇ?" ಮೇಷ್ಟ್ರ ಹೆಂಡತಿಯನ್ನು ಅವಳು ಅಮ್ಮ ಎಂದೇ ಕರೆಯುತ್ತಿದ್ದಳು.

"ಕಣ್ಣು ಬಿಟ್ಟಿಲ್ಲ. ಇವತ್ತಿಗೆ ಒಂಬತ್ತು ದಿನ." ಅವರು ಬಾಗಿಲ ಪಕ್ಕದ ಬೆಂಚಿನ ಮೇಲೆ, ಗಾಡಿಗೆ ಬೆನ್ನು ಮಾಡಿ ಕುಳಿತರು. "ನಾನಿನ್ನೂ ಒಳಗೆ ಹೋಗಿ ನೋಡಿಲ್ಲ. ಆಸ್ಪತ್ರೆ ವರಾಂಡದಲ್ಲೇ ಕೂತಿರ್ತೀನಿ. ನೀನು ಒಂದೇ ಒಂದು ಹೇಳು. ತಪ್ಪು ಗಾಡೀದಾ, ನಂದಾ? ನಂದಾದ್ರೆ ಯಾವ ಮುಖ ಇಟ್ಕೊಂಡು ಆ ಕೋಣೆಗೆ ಹೋಗ್ಲಿ?"

ನಡೆದದ್ದನ್ನು ಅವರು ಕರಿಹಲಗೆಯ ಮೇಲೆ ಲೆಕ್ಕ ಬಿಡಿಸುವ ಹಾಗೆ ಹೇಳಿದರು. ಶನಿವಾರ ಹೊಸ ಗೇರ್ ಸೆನ್ಸರು ಹಾಕಿಸಿಕೊಂಡು ಗಾಡಿ ಇಲ್ಲಿಂದ ಹೋಯಿತು. ಸೋಮವಾರ ಬೆಳಿಗ್ಗೆ ಅದನ್ನು ಮೊದಲ ಸಲ ಅಂಗಳದಿಂದ ಹಿಂದಕ್ಕೆ ತೆಗೆದರು. ಗೇಟು ಒಂದು ಮಾರು ದೂರವಿರುವಾಗ ಕ್ಲಚ್ ಹಿಡಿದು ನಿಲ್ಲಿಸಿದರು. ಹಸಿರು ಶಾಲು ಹೊದ್ದ ಹೆಂಡತಿ ಗೇಟು ತೆಗೆಯಲು ಹಿಂದೆ ಹೋದರು.

"ಹಿಡಿ ನ್ಯೂಟ್ರಲ್ಲಿಗೆ ತಳ್ಳಿದೆ. ಪೂರ್ತಿ ಬಂತೋ ಇಲ್ವೋ ಕೈಗೆ ಗೊತ್ತಾಗ್ಲಿಲ್ಲ. ಪರದೆ ನೋಡ್ದೆ. ಎನ್ ಅಂತಿತ್ತು. ಕ್ಲಚ್ ಬಿಟ್ಟೆ. ಗಾಡಿ ಹಿಂದಕ್ಕೆ ನುಗ್ಗಿ ಅವಳನ್ನ ಕೆಡವ್ತು." ಕೋಲಿನ ತುದಿಯನ್ನು ನೆಲಕ್ಕೆ ಒತ್ತಿದರು. "ರಿವರ್ಸ್‌ನಲ್ಲಿದ್ರೆ ಹಿಂದೆ ಒಂದು ಟೀಂ ಟೀಂ ಅಂತ ಕೂಗುತ್ತಲ್ಲ, ಅದೂ ಕೂಗಲಿಲ್ಲ. ಕೂಗಿದ್ರೆ ಅವಳು ಸರೀತಿದ್ಲು. ಮಗ ಹೇಳ್ತಾನೆ, ಆರ್ ಇದ್ದದ್ದನ್ನ ನೀವು ಎನ್ ಅಂತ ಓದಿದೀರಿ, ಕಣ್ಣೂ ಹೋಗಿದೆ, ಕಿವೀನೂ ಹೋಗಿದೆ ಅಂತ. ಇರಬಹುದು. ಎಪ್ಪತ್ತೊಂದು ಆಯ್ತು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವಳು ಒಂಬತ್ತು ದಿನದಿಂದ ಹೆಗಲು ಮುಟ್ಟಿಕೊಳ್ಳುತ್ತಲೇ ಇದ್ದಳು.

ಹೊಸ ಸೆನ್ಸರು ಹಾಕಿದರೆ ಸಾಲದು. ಯಾವ ಗೇರು ಎಲ್ಲಿದೆ ಎಂದು ಅದಕ್ಕೆ ಕಲಿಸಬೇಕು. ಒಂದೊಂದೇ ಗೇರಿಗೆ ಹಾಕಿ, ಟೆಸ್ಟರಿನ ಗುಂಡಿ ಒತ್ತಿ ಹಿಡಿದು, ಇದು ಒಂದು, ಇದು ಎರಡು ಎಂದು ತಿದ್ದಿಸಬೇಕು. ಗ್ಯಾರೇಜಿನ ಭಾಷೆಯಲ್ಲಿ ಅದಕ್ಕೆ ಮಗ್ಗಿ ಹೇಳಿಸುವುದು ಎನ್ನುತ್ತಾರೆ. ಕಲಿಸದ ಗೇರು ಎದುರಾದರೆ ಆ ಸೆನ್ಸರು ಗೊತ್ತಿಲ್ಲ ಎನ್ನುವುದಿಲ್ಲ. ಹಿಂದೆ ಹೇಳಿದ್ದನ್ನೇ ಹೇಳಿಕೊಂಡು ಕೂರುತ್ತದೆ.

ಆ ಶನಿವಾರ ಮೇಷ್ಟ್ರು ಪಕ್ಕದಲ್ಲೇ ನಿಂತಿದ್ದರು. ಮಗ್ಗಿ ಎಂಬ ಮಾತು ಕೇಳಿ ಅವರಿಗೆ ಖುಷಿಯೋ ಖುಷಿ. ಅವಳು ಗೇರು ಹಾಕಿದಂತೆಲ್ಲ ಕೋಲು ಕುಟ್ಟುತ್ತ ಅವರೂ ರಾಗವಾಗಿ ಹೇಳಿದರು: ಒಂದೂ, ಎರಡೂ, ಮೂರೂ... ಐದು ಮುಗಿದಾಗ, "ಉಲ್ಟಾ ಮಗ್ಗೀನೂ ಬರುತ್ತೇನೇ ಇದಕ್ಕೆ?" ಎಂದರು. "ನಿಮ್ಮ ಶಿಷ್ಯೆ ಕಲಿಸಿದ್ದು ಮೇಷ್ಟ್ರೇ, ಬರದೆ ಇರುತ್ತಾ?" ಎಂದಳು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಣ್ಣ ಟೀ ತರಿಸಿದ. ಟೀ ಕುಡಿದಾದ ಮೇಲೆ ತಾನು ರಿವರ್ಸಿಗೆ ಕೈ ಹಾಕಿದೆನೇ? ಲೋಟ ತೊಳೆದಿಟ್ಟದ್ದು ನೆನಪಿತ್ತು. ಅದರಾಚೆಗೆ ಎಷ್ಟು ಕೆದಕಿದರೂ ಏನೂ ಇರಲಿಲ್ಲ.

ಅಣ್ಣ ಒಳಕೋಣೆಯಿಂದ ಬಂದು ಅವಳ ಕಿವಿಯ ಹತ್ತಿರ ಬಾಗಿದ. "ನೋಡೋಕೆ ಹೋಗ್ಬೇಡ. ಪರೀಕ್ಷೆ ಮಾಡಿದೆ, ಎಲ್ಲ ಸರಿ ಇದೆ ಅಂತ ಬರ್ದು ಕಳಿಸು. ನಾಳೆ ಆಯಮ್ಮಂಗೆ ಏನಾದ್ರೂ ಆದ್ರೆ ನಿನ್ನ ತಲೆಗೇ ಬರುತ್ತೆ."

"ನೋಡದೆ ಹೇಗಣ್ಣಾ ಬರೀಲಿ?"

"ನೋಡಿದ ಮೇಲೆ ಬರೆಯೋಕಾಗುತ್ತಾ?"

ಅಣ್ಣ ದಡ್ಡನೆಂದು ಮನೆಮಂದಿಯ ಅಭಿಪ್ರಾಯ. ಅವನು ಒಮ್ಮೊಮ್ಮೆ ಆಡುವ ಇಂಥ ಮಾತಿಗೆ ಅವಳು ಹೆದರುತ್ತಿದ್ದಳು.

ಅವಳು ಗಾಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಟೆಸ್ಟರಿನ ತಂತಿ ಸಿಕ್ಕಿಸಿದಳು. ತಪಾಸಣೆಯ ಹೊತ್ತಿನಲ್ಲಿ ತಲೆ ತಿನ್ನುತ್ತದೆಂದು ರಿವರ್ಸಿನಲ್ಲಿ ಟೀಂ ಟೀಂ ಎನ್ನುವ ಹಿಂಬದಿಯ ಕೂಗುಬುರುಡೆಯ ಪ್ಲಗ್ಗನ್ನು ಕಿತ್ತಿಡುವುದು ಅವಳ ರೂಢಿ, ಇವತ್ತೂ ಕಿತ್ತಿಟ್ಟಳು. ಒಂದಕ್ಕೆ ಹಾಕಿದಳು, ಪರದೆ ಒಂದು ಎಂದಿತು. ಎರಡು, ಮೂರು, ನಾಲ್ಕು, ಐದು. ಎಲ್ಲವೂ ಸರಿ. ನ್ಯೂಟ್ರಲ್ಲಿಗೆ ತಂದಳು. ಎನ್. ಹಿಡಿಯನ್ನು ಹಿಂದಕ್ಕೆಳೆದಳು. ಗೇರುಪೆಟ್ಟಿಗೆಯೊಳಗೆ ಹಲ್ಲು ಕೂತ ಸದ್ದು ಕೈಗೇ ಬಂತು. ಪರದೆಯ ಮೇಲೆ ಎನ್ ಹಾಗೆಯೇ ಇತ್ತು.

ಮತ್ತೊಮ್ಮೆ ಹಾಕಿದಳು. ಎನ್. ಮೂರನೆಯ ಸಲವೂ ಎನ್. ಮೇಷ್ಟ್ರ ಕಣ್ಣು ಸರಿಯಾಗಿಯೇ ಓದಿತ್ತು. ಆ ತಾಯಿಯನ್ನು ಕೆಡವಿದವಳು ತಾನು, ಟೀ ಕುಡಿದು ನಗುತ್ತ ಲೋಟ ತೊಳೆದವಳು.

ಹೇಳಬೇಕಾಗಿತ್ತು. ತಿರುಗಿ ಕೂಗಿದ್ದರೆ ಮುಗಿಯುತ್ತಿತ್ತು, ಹತ್ತು ಹೆಜ್ಜೆಯಾಚೆ ಅವರ ಬೋಳುತಲೆ ಕಾಣುತ್ತಿತ್ತು. ಆದರೆ ಅವಳ ಹೆಬ್ಬೆರಳು ಆಗಲೇ ಟೆಸ್ಟರಿನ ಗುಂಡಿಯ ಮೇಲಿತ್ತು. ಇಪ್ಪತ್ತು ಎಣಿಸುವಷ್ಟು ಹೊತ್ತು ಒತ್ತಿ ಹಿಡಿಯಬೇಕು. ಹಿಡಿದಳು. ಹನ್ನೊಂದರ ಹತ್ತಿರ ಬಿಟ್ಟುಬಿಡೋಣವೆನ್ನಿಸಿತು, ಬಿಡಲಿಲ್ಲ. ಎನ್ ಒಮ್ಮೆ ಮಿಣುಕಿ ಆರ್ ಆಯಿತು. ಸ್ಲೇಟು ಒರೆಸಿ ಬರೆದ ಹಾಗೆ, ಹಳೆಯ ಪಾಠದ ಗುರುತೂ ಇಲ್ಲ.

"ಮೇಷ್ಟ್ರೇ," ಎಂದಳು. "ಬನ್ನಿ, ನೀವೇ ನೋಡಿ."

ಅವರು ಕೋಲೂರಿಕೊಂಡು ಬಂದರು. ಪರದೆಗೆ ಮೂಗು ತಾಗುವಷ್ಟು ಬಗ್ಗಿ, ತಾವೇ ಹಿಡಿಯನ್ನು ಹಿಂದಕ್ಕೆ ಮುಂದಕ್ಕೆ ಆಡಿಸಿ ನೋಡಿದರು. ಆರ್. ಎನ್. ಆರ್. ಎನ್. ನಾಲ್ಕೈದು ಸಲ ಹಾಗೆ ಮಾಡಿದರು. ಆಮೇಲೆ ಕನ್ನಡಕ ತೆಗೆದು ಮಡಚಿ, ಇನ್ನೇನೂ ಓದುವುದಿಲ್ಲವೆನ್ನುವವರ ಹಾಗೆ ಜೇಬಿಗೆ ಹಾಕಿಕೊಂಡರು.

"ಸರಿಯಮ್ಮಾ. ನಂದೇ ಹಾಗಾದ್ರೆ."

ಆ ಮುಖವನ್ನು ಅವಳಿಂದ ನೋಡಲಾಗಲಿಲ್ಲ. "ಇಲ್ಲ ಮೇಷ್ಟ್ರೇ! ಸುಳ್ಳು. ರಿವರ್ಸ್ ಕಲಿಸೋದು ನಾನು ಮರೆತಿದ್ದೆ. ಈಗ, ನೀವು ಅಲ್ಲಿ ಕೂತಿದ್ದಾಗ ಕಲಿಸ್ದೆ. ಅವತ್ತು ನೀವು ನೋಡಿದ್ದು ಎನ್ನೇ."

"ಏನೇ ಬಡಬಡಿಸ್ತಿದೀಯಾ?" ಅಣ್ಣ ಬಾಗಿಲಲ್ಲೇ ಗುಡುಗಿದ. "ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಮೇಷ್ಟ್ರೇ ಇವಳು."

ಮೇಷ್ಟ್ರು ಅವಳ ತಲೆಯ ಮೇಲೆ ಕೈಯಿಟ್ಟರು. "ಚಿಕ್ಕೋಳಿದ್ದಾಗ್ಲೂ ಹೀಗೇ ನೀನು. ಯಾರು ಬಳಪ ಮುರಿದ್ರೂ ನಾನೇ ಮುರಿದಿದ್ದು ಸಾರ್ ಅಂತ ಎದ್ದು ನಿಲ್ತಿದ್ದೆ. ನನ್ನ ಸಮಾಧಾನಕ್ಕೆ ಯಾಕಮ್ಮಾ ತಪ್ಪು ತಲೆ ಮೇಲೆ ಹಾಕ್ಕೋತೀಯಾ? ನಾನೇ ನೋಡಿದ್ನಲ್ಲ, ಆರ್ ಅಂತಾನೇ ಬರುತ್ತೆ."

"ಅವತ್ತು ಕೂಗಲಿಲ್ಲ ಅಂದ್ರಲ್ಲ ಮೇಷ್ಟ್ರೇ! ಸೆನ್ಸರಿಗೆ ರಿವರ್ಸ್ ಗೊತ್ತಿದ್ರೆ ತಾನೇ ಅದು ಕೂಗೋದು?"

"ಕೂಗಿರುತ್ತೆ. ಕಿವಿ ಮಂದ ನಂದು."

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಈಗ ಅವಳ ಸತ್ಯಕ್ಕೆ ಕರುಣೆಯ ಬೆಲೆ ಮಾತ್ರ. ಅದನ್ನು ಸುಳ್ಳು ಮಾಡಿದ್ದು ಅವಳದೇ ಹೆಬ್ಬೆರಳು. ಮೇಷ್ಟ್ರು ಹೊರಟರು. ಗಾಡಿಯ ಹಿಂಬದಿಗೆ ಸುತ್ತಿಕೊಂಡು ಹೋಗುವಾಗ ಚಕ್ರದ ನಟ್ಟಿನ ಹತ್ತಿರ ನಿಂತು, ಬೆರಳಿನಿಂದ ತಡಕಿ, ಆ ಹಸಿರು ದಾರವನ್ನು ಒಂದೊಂದೇ ಸುತ್ತು ಬಿಡಿಸತೊಡಗಿದರು. ಬಿಡಿಸಿ ಅಂಗೈಯಲ್ಲಿ ಹಿಡಿದುಕೊಂಡು, ಅವಳಿಗೆ ಬೆನ್ನು ಹಾಕಿ ಚಕ್ರದ ಹಿಂದೆಯೇ ನಿಂತರು.

ಅವಳು ಕಿತ್ತಿಟ್ಟ ಪ್ಲಗ್ಗನ್ನು ಹುಡುಕಿ ಸಿಕ್ಕಿಸಿದಳು. ಎಂಜಿನ್ನು ಆರಿತ್ತು, ಗಾಡಿ ಎಲ್ಲಿಗೂ ಹೋಗುವಂತಿರಲಿಲ್ಲ. ಹಿಡಿಯನ್ನು ಹಿಂದಕ್ಕೆಳೆದಳು.

ಟೀಂ, ಟೀಂ, ಟೀಂ.

ಮೊದಲ ಟೀಂಗೇ ಮೇಷ್ಟ್ರು ಮಡಚದ ಕಾಲನ್ನೆಳೆದುಕೊಂಡು ಎರಡು ಹೆಜ್ಜೆ ಪಕ್ಕಕ್ಕೆ ಸರಿದರು, ಯಾರಾದರೂ ಸರಿಯುವ ಹಾಗೆ. ಸರಿದು ನಿಂತು, ತಮ್ಮ ಕಾಲನ್ನು ನೋಡಿಕೊಂಡರು. ಚಕ್ರದ ಹಿಂದೆ ಈಗ ಖಾಲಿಯಾಗಿದ್ದ ಜಾಗವನ್ನು ನೋಡಿದರು. ಆಮೇಲೆ ನಿಧಾನವಾಗಿ ತಲೆಯೆತ್ತಿ ಅವಳ ಕಡೆ ತಿರುಗಿದರು.

ಅವಳು ಹಿಡಿಯಿಂದ ಕೈ ತೆಗೆಯಲಿಲ್ಲ. ಅದು ಕೂಗುತ್ತಲೇ ಇತ್ತು.